ನೋಡುವುದಕ್ಕೊಂದು ಕೊಳ

ನಮ್ಮ ಮನೆಯಲ್ಲಿ ಜಗಳಕ್ಕೆ ಇಂಥದೇ ಜಾಗ ಅಂತ ಇರಲಿಲ್ಲ. ಅಡುಗೆಮನೆಯಲ್ಲಿ ಹುಟ್ಟಿದ್ದು ನಡುಮನೆಗೆ ಬರುತ್ತಿತ್ತು, ನಡುಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹಿತ್ತಲಿಗೆ. ಹಿತ್ತಲಿಗೆ ಬಂತೆಂದರೆ ಪಕ್ಕದ ಮನೆಯವರೂ ಗೋಡೆಯ ಮೇಲಿಂದ ತಲೆ ಹಾಕಿ ತಮ್ಮ ಪಾಲಿನ ಮಾತು ಸೇರಿಸುತ್ತಿದ್ದರು. ಬಂಗಾರಪೇಟೆಯಿಂದ ಗಣಿ ಊರಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಮನೆಗೆ ಮುಂದೆ ಹೆಂಚು, ಹಿಂದೆ ಸಿಮೆಂಟ್ ಶೀಟು. ಎರಡೂ ಸೇರುವ ಕಡೆ ಮಳೆ ಬಂದಾಗ ಒಂದು ಪಾತ್ರೆ ಇಡಲೇಬೇಕು. ಮನೆಯಲ್ಲಿದ್ದದ್ದು ಅಪ್ಪ, ಅಮ್ಮ, ಅತ್ತೆ, ನಾನು, ಮತ್ತು ನಮ್ಮೆಲ್ಲರಿಗಿಂತ ಚೆನ್ನಾಗಿ ತಿನ್ನುತ್ತಿದ್ದ ಸೀಮೆ ಹಸುಗಳು. ಅತ್ತೆ ಎಂದರೆ ಅಪ್ಪನ ಅಕ್ಕ ಮುನಿಯಮ್ಮ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸು ಬಂದವಳು, ತಾಯಿಯಿಲ್ಲದ ತಮ್ಮನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಹಾಗಾಗಿ ಬೀರುವಿನ ಬೀಗದ ಕೈ, ಮುದ್ದೆ ತೊಳಸುವ ಕೋಲು, ಹಿತ್ತಲಿನ ಅಧಿಕಾರ, ಮೂರೂ ಅವಳ ಕೈಯಲ್ಲೇ ಇದ್ದವು. ಅಪ್ಪ ಬೆಳಿಗ್ಗೆ ಸಂಜೆ ಊರಿನ ಹಾಲನ್ನೆಲ್ಲ ತನ್ನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಡೈರಿಗೆ ಮುಟ್ಟಿಸುತ್ತಿದ್ದ. ಮನೆಯಲ್ಲಿ ಎರಡು ಗಂಟಲು ಏರಿದ ಕೂಡಲೇ ಅವನಿಗೆ ಕ್ಯಾನು ತೊಳೆಯುವ ಕೆಲಸ ನೆನಪಾಗುತ್ತಿತ್ತು. ನಮ್ಮಪ್ಪನ ಕ್ಯಾನುಗಳಷ್ಟು ಬೆಳ್ಳಗಿನ ಕ್ಯಾನು ಆ ಡೈರಿಯಲ್ಲಿ ಇನ್ಯಾರದೂ ಇರಲಿಲ್ಲ.

ಅಮ್ಮ ಒಂದು ರಾತ್ರಿ ಊಟದ ಹೊತ್ತಿನಲ್ಲಿ, ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ಸಲೀಸಾಗಿ ಹೇಳಿದಳು:

"ಅಕ್ಕ, ಇತ್ಲು ಮೂಲೇಲಿ ಒಂದು ಕೊಳ ತೋಡ್ತೀನಿ."

"ಅಸೀನ ಮೈ ತೊಳ್ಯಾಕಾ?" ಅತ್ತೆ ತಲೆ ಎತ್ತಲಿಲ್ಲ.

"ಅಲ್ಲ."

"ಬಟ್ಟೆ ಒಗ್ಯಾಕಾ?"

"ಅಲ್ಲಕ್ಕ. ನೋಡಾಕೆ."

"ನೋಡಾಕಾ?" ಅತ್ತೆಯ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನ ಮೇಲೇ ನಿಂತಿತು. "ನೀರ್ನ ನೋಡಾಕೆ ಯಾರಾನ ಗುಂಡಿ ತೋಡ್ತಾರೇನೇ? ಬಿಂದಿಗೇಲಿ ಇಣುಕಿ ನೋಡು, ಅಲ್ಲೂ ಐತೆ ನೀರು!"

ಅಪ್ಪ ಎದ್ದು ಕ್ಯಾನು ತೊಳೆಯಲು ಹೋದ.

ಅಮ್ಮನಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ನನಗೆ ಮಾತ್ರ ಗೊತ್ತಿತ್ತು, ಏಕೆಂದರೆ ತಲೆ ಬಾಚುವಾಗೆಲ್ಲ ಅವಳು ಅದನ್ನು ಹೇಳುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ, ಗಣಿ ಕೂಲಿಗಳ ಲೈನ್ ಮನೆಯಲ್ಲಿ. ಅವಳಪ್ಪ ಗಣಿ ಮುಚ್ಚುವವರೆಗೂ ನೆಲದೊಳಗೆ ಇಳಿಯುತ್ತಿದ್ದವನು. ಸಾಲುಮನೆಗಳಿಗೆಲ್ಲ ಸೇರಿ ಒಂದು ಕೊಳಾಯಿ. ಅದರ ಮುಂದೆ ಬಿಂದಿಗೆಗಳ ಸಾಲು, ಸಾಲಿನಲ್ಲಿ ಮೂರು ಭಾಷೆಯ ಬೈಗುಳ. ಅಮ್ಮನ ಬಾಲ್ಯವೆಲ್ಲ ಆ ಸಾಲಿನಲ್ಲೇ ಕಳೆದಿತ್ತು. ತಮಿಳಿನಲ್ಲಿ ಬೈಯುವುದನ್ನೂ ತೆಲುಗಿನಲ್ಲಿ ಸಮಾಧಾನ ಹೇಳುವುದನ್ನೂ ಅವಳು ಕಲಿತದ್ದು ಅಲ್ಲೇ. ಶಾಲೆಗೆ ಹೋಗುವ ದಾರಿಯಲ್ಲಿ ಹಿಂದೆ ಗಣಿಯ ಬಿಳಿ ದೊರೆಗಳಿದ್ದ ಒಂದು ಬಂಗಲೆ. ಅದರ ಬೇಲಿಯ ಸಂದಿಯಿಂದ ನೋಡಿದರೆ ಹುಲ್ಲಿನ ನಡುವೆ ಪುಟ್ಟದೊಂದು ಕೊಳ ಕಾಣುತ್ತಿತ್ತಂತೆ. ಯಾರೂ ಅದರಿಂದ ನೀರು ಸೇದುತ್ತಿರಲಿಲ್ಲ, ಬಟ್ಟೆ ಒಗೆಯುತ್ತಿರಲಿಲ್ಲ. ಅದು ಸುಮ್ಮನೆ ಇತ್ತು. ತಳದ ಬಿಳಿ ಮರಳಿನ ಮೇಲಿನ ಒಂದೊಂದು ಕಲ್ಲೂ ಎಣಿಸುವಂತೆ ತಿಳಿಯಾಗಿತ್ತು. 'ನೀರಿಗೂ ಪುರುಸೊತ್ತು ಇರ್ತದೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು' ಅಂತ ಅಮ್ಮ ಹೇಳುತ್ತಿದ್ದಳು. ಬಂಗಲೆ ಆಮೇಲೆ ಪಾಳು ಬಿತ್ತು, ಕೊಳದೊಳಗೆ ಎಕ್ಕದ ಗಿಡ ಹುಟ್ಟಿತು. ಅಮ್ಮನ ತಲೆಯೊಳಗಿನ ಕೊಳ ಮಾತ್ರ ಬತ್ತಲಿಲ್ಲ.

ಬೇರೆ ಸೊಸೆಯಾಗಿದ್ದರೆ ಆ ರಾತ್ರಿಯ 'ನೋಡಾಕಾ?' ಎಂಬ ಒಂದೇ ಮಾತಿಗೆ ಮುದುರಿಕೊಳ್ಳುತ್ತಿದ್ದಳು. ನಮ್ಮಮ್ಮ ಮರುದಿನ ಹಾಲು ಕರೆದ ಮೇಲೆ ಸೀರೆ ಎತ್ತಿ ಕಟ್ಟಿ, ಹಾರೆ ತಗೊಂಡು ಹಿತ್ತಲಿಗೆ ಹೋದಳು. ಮೂಲೆಯಲ್ಲಿ ನುಗ್ಗೆಮರ. ಅದರ ಪಕ್ಕದಲ್ಲಿ ಅತ್ತೆ ಬೆರಣಿ ತಟ್ಟುವ ಜಾಗ. ಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿದ್ದರೂ, ಬೆರಣಿ ಒಲೆಯ ಮೇಲೆ ಕಾಯದ ಹಾಲು ಹಾಲೇ ಅಲ್ಲ ಅನ್ನುವುದು ಅತ್ತೆಯ ನಂಬಿಕೆ. ಆ ಜಾಗವನ್ನು ಮುಟ್ಟುವುದೆಂದರೆ ಅತ್ತೆಯ ಜುಟ್ಟಿಗೇ ಕೈ ಹಾಕಿದಂತೆ. ಅಮ್ಮ ಕೈ ಹಾಕಿಯೇ ಬಿಟ್ಟಳು. ನಮ್ಮ ಕಡೆಯ ಕೆಂಪು ಜೇಡಿ ನೆಲ ಮೇಲೆ ಮೆತ್ತಗೆ, ಮೊಣಕಾಲುದ್ದ ಇಳಿದರೆ ಗರಸು. ಹಾರೆ ಬಿದ್ದರೆ ಕಿಡಿ ಏಳುತ್ತಿತ್ತು. ಗೋಡೆಯ ಮೇಲಿಂದ ಪಕ್ಕದ ಮನೆಯ ನಾರಾಯಣಮ್ಮ ಕೇಳಿದಳು:

"ಏನ್ ಸರೋಜಾ, ಇಲ್ಲೂ ಚಿನ್ನ ಸಿಕ್ತದಾ ಅಂತ ನೋಡ್ತಿದ್ದೀಯಾ?"

"ಸಿಕ್ರೆ ನಿಂಗೂ ಒಂದು ಓಲೆ ಮಾಡುಸ್ತೀನಿ, ಬಾ, ಮಣ್ಣು ಒರು!" ಅಂದಳು ಅಮ್ಮ.

ಗುಂಡಿ ತೋಡಿದ್ದಾಯಿತು. ಎಮ್ಮೆಯೊಂದು ಮಲಗುವಷ್ಟು ಅಗಲ, ನನ್ನ ಸೊಂಟದಷ್ಟು ಆಳ. ಇಲ್ಲಿಗೆ ಬರುತ್ತದೆ ನೋಡಿ ಅಮ್ಮನ ಎಡವಟ್ಟು. ಗಣಿ ಊರಿನಲ್ಲಿ ಹುಟ್ಟಿದವಳಲ್ಲದೆ ಬೇರೆ ಯಾರೂ ಅಂಥ ತಪ್ಪು ಮಾಡಲಾರರು. ಕೊಳದ ತಳಕ್ಕೆ ಬಂಗಲೆಯಲ್ಲಿದ್ದಂತೆ ಬಿಳಿ ಮರಳು ಬೇಕು ಅಂತ ಅವಳ ಆಸೆ. ಬಿಳಿ ಮರಳು ಅಂದಾಗ ಅವಳಿಗೆ ನೆನಪಾದದ್ದು ಅವಳೂರಿನ ದಿಬ್ಬಗಳು. ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟು ಮಾಡಿ, ಚಿನ್ನ ಹಿಂಡಿಕೊಂಡು, ಉಳಿದದ್ದನ್ನು ವರ್ಷಗಟ್ಟಲೆ ಸುರಿದು ಸುರಿದು ಆದ ಬೆಟ್ಟಗಳವು. ಸೈನೈಡ್ ದಿಬ್ಬ ಅಂತಲೇ ಎಲ್ಲರೂ ಕರೆಯುತ್ತಾರೆ. ಗಾಳಿಕಾಲದಲ್ಲಿ ಅದರ ಧೂಳು ಊರಿಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಹಾಕುತ್ತದೆ. ಅಮ್ಮ ಚಿಕ್ಕವಳಿದ್ದಾಗ ತಗಡಿನ ಮೇಲೆ ಕೂತು ಅದರ ಮೇಲಿಂದ ಜಾರಿ ಆಡಿದವಳು. ಅವಳ ತಮ್ಮ, ಅಂದರೆ ನನ್ನ ಮಾವ, ಮೊಪೆಡ್ಡಿನ ಮೇಲೆ ಅದನ್ನು ಗೋಣಿಚೀಲಗಳಲ್ಲಿ ತಂದು ಹಾಕಿದ. ಹೆತ್ತವರಿಗೆ ಹೆಗ್ಗಣ ಮುದ್ದು, ನಮ್ಮಮ್ಮನಿಗೆ ಹುಟ್ಟೂರಿನ ಧೂಳು.

"ನೋಡಕ್ಕ, ಎಂಗೈತೆ! ಅಕ್ಕಿ ಇಟ್ಟು ಇದ್ದಂಗಿಲ್ವಾ?" ಅಂತ ಅಮ್ಮ ಬೊಗಸೆಯಲ್ಲಿ ಹಿಡಿದು ತೋರಿಸಿದಳು.

"ಇಟ್ಟೇನೋ ಸರಿ," ಅಂದಳು ಅತ್ತೆ. "ಕುರಿ ಮೇಯ್ಸೋರು ಆ ದಿಬ್ಬದ ಬುಡದಾಗೆ ನಿಂತ ನೀರ್ನ ಕುರೀಗೆ ಕುಡ್ಯಾಕೆ ಬಿಡಲ್ಲ. ಅದ್ನ ತಂದು ಮನೇಲಿ ಇಕ್ಕೊಂಡವಳು ನೀನೊಬ್ಳೇ."

ಅಮ್ಮ ತಳಕ್ಕೆ ಅದನ್ನು ಹಾಸಿ, ಅಂಗೈಯಲ್ಲಿ ಸವರಿ ಸಮ ಮಾಡಿ, ಬೋರ್‌ವೆಲ್ಲಿನ ಪೈಪು ಬಿಟ್ಟಳು. ನೀರು ತಳ ಮುಟ್ಟಿದ್ದೇ ತಡ, ಹೊಗೆ ಎದ್ದಂತೆ ಎದ್ದಿತು ಧೂಳು. ಗುಂಡಿ ತುಂಬುವ ಹೊತ್ತಿಗೆ ಅದರಲ್ಲಿದ್ದದ್ದು ನೀರಲ್ಲ, ಮಜ್ಜಿಗೆ. ಅದೂ ನೀರು ಹೆಚ್ಚಾದ ಮಜ್ಜಿಗೆ, ನಂಟರು ಜಾಸ್ತಿಯಾದ ದಿನ ಮಾಡುವಂಥದು. ನಾಳೆಗೆ ತಿಳಿಯಾಗುತ್ತೆ ಅಂದಳು ಅಮ್ಮ. ಆಗಲಿಲ್ಲ. ಬಂಗಾರಪೇಟೆ ಸಂತೆಯಿಂದ ಪಟಿಕ ತಂದು, ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ತಿರುಗಿಸಿದಳು. ಅದು ಕೆಲಸ ಮಾಡಿತು, ಇಲ್ಲವೆನ್ನುವ ಹಾಗಿಲ್ಲ. ಸಂಜೆಗೆ ಮೇಲಿನ ನೀರು ತೆಳುವಾಗಿ ನಾವೆಲ್ಲ ಬಗ್ಗಿ ನೋಡಿದೆವು. ಬೆಳಿಗ್ಗೆ ಕರು ಹಗ್ಗ ಬಿಚ್ಚಿಕೊಂಡು ಬಂದು ಮೂತಿ ಇಟ್ಟಿತು, ಮತ್ತೆ ಮಜ್ಜಿಗೆ. ನೀರನ್ನೆಲ್ಲ ಮೊಗೆದು ತೆಗೆದು ಹೊಸ ನೀರು ತುಂಬಿದಳು. ಹೊಸ ನೀರು ತುಂಬಿದಾಗಲೇ ಎಲ್ಲಕ್ಕಿಂತ ಹೆಚ್ಚು ಕದಡುತ್ತಿತ್ತು. ಗಾಳಿ ಬೀಸಿದರೆ, ಕೋಳಿ ಕಾಲು ಇಟ್ಟರೆ, ನುಗ್ಗೆಕಾಯಿಯೊಂದು ಉದುರಿ ಬಿದ್ದರೆ ಸಾಕು, ತಳದ ಹಿಟ್ಟು ಎದ್ದು ಕೂರುತ್ತಿತ್ತು. ಹಾಲು ಹಾಕಲು ಬಂದ ಊರಿನವರೆಲ್ಲ ಹಿತ್ತಲಿಗೆ ಹೋಗಿ ಒಂದು ಸಲ ನೋಡಿ, ನಗು ನುಂಗಿಕೊಂಡು ಹೋಗುತ್ತಿದ್ದರು. ಒಬ್ಬನಂತೂ ಅಪ್ಪನಿಗೆ, 'ಅಣ್ಣ, ಇದ್ನ ಡೈರಿಗೆ ಆಕಿ ನೋಡು, ಮೀಟರ್ನಾಗೆ ಆಲಿನ ಡಿಗ್ರಿ ಬಂದ್ರೂ ಬರಬೌದು' ಅಂದ. ಅಪ್ಪ ನಕ್ಕ. ಅಮ್ಮ ನೋಡಿದ ಮೇಲೆ ನಗು ನಿಲ್ಲಿಸಿದ.

ಮೊಗೆದ ನೀರನ್ನು ಅಮ್ಮ ಸುಮ್ಮನೆ ಚೆಲ್ಲಬಾರದು ಅಂತ ಅತ್ತೆಯ ಕೊತ್ತಂಬರಿ ಪಾತಿಗೆ ಬಿಟ್ಟಿದ್ದಳು. ಒಂದು ವಾರದೊಳಗೆ ಕೊತ್ತಂಬರಿ ಹಳದಿಯಾಗಿ, ತುದಿ ಸುಟ್ಟು, ತಲೆ ಬಾಗಿಸಿತು. ಅತ್ತೆ ಒಂದು ಹಿಡಿ ಕಿತ್ತುಕೊಂಡು ನಡುಮನೆಗೆ ಬಂದು ಅಮ್ಮನ ಮುಂದೆ ಇಟ್ಟಳು. ಆವತ್ತಿನ ಜಗಳ ಮಾತ್ರ ಅಡುಗೆಮನೆಯಿಂದ ಶುರುವಾಗಲಿಲ್ಲ, ನೇರ ನಡುಮನೆಯಲ್ಲೇ ಹತ್ತಿಕೊಂಡಿತು.

"ನಿಮ್ಮೂರ ದಿಬ್ಬ ನಿಮ್ಮೂರಾಗೇ ಇರ್ಲಿ ಅಂತ ಅವತ್ತೇ ಏಳ್ದೆ. ಆ ಮಣ್ಣಾಗೆ ಗರಿಕೇನೂ ಉಟ್ಟಲ್ಲ."

"ನಮ್ಮೂರ್ನ ಯಾಕಕ್ಕ ಎಳೀತೀರಾ? ಆ ಊರಿಂದ ನಾನೂ ಬಂದಿಲ್ವಾ?"

"ಅದ್ಕೇ ಏಳ್ತಿರೋದು!"

ಆ ಮಾತು ಅತಿಯಾಯಿತು ಅಂತ ಹೇಳಿದವಳಿಗೂ ಗೊತ್ತಾಯಿತು, ಕೇಳಿದವಳಿಗೂ ಗೊತ್ತಾಯಿತು. ಆದರೆ ನಮ್ಮ ಮನೆಯಲ್ಲಿ ಆಡಿದ ಮಾತನ್ನು ವಾಪಸು ತಗೊಳ್ಳುವ ಪದ್ಧತಿ ಇರಲಿಲ್ಲ. ಅತ್ತೆ ಅದನ್ನು ಮುಚ್ಚಲು ಇನ್ನೊಂದು ಮಾತು ಆಡಿದಳು:

"ನೋಡಾಕೆ ಅಂದ್ಯಲ್ಲ? ಸರಿ. ನೋಡಾಕೆ ಏನಾನ ಕಾಣ್ಬೇಕಲ್ವಾ? ಗೌರಿ ಅಬ್ಬದೊತ್ಗೆ ತಳ ಕಾಣ್ಲಿ, ಆ ಮೂಲೆ ನಿಂದು. ನಾನು ಬೆರಣಿ ಬ್ಯಾರೆ ಕಡೆ ತಟ್ಕೊಂತೀನಿ. ಕಾಣ್ಲಿಲ್ವಾ, ತಿಪ್ಪೆ ಎಳ್ದು ಮುಚ್ಚುಸ್ತೀನಿ. ಆಮೇಲೆ ಈ ಮನೇಲಿ ಕೊಳದ ಮಾತು ಎತ್ತಂಗಿಲ್ಲ."

"ಆಗ್ಲಿ," ಅಂದಳು ಅಮ್ಮ.

ಆ 'ಆಗ್ಲಿ'ಯ ತೂಕ ನನಗೆ ಆಗ ಪೂರ್ತಿ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಆ ಮನೆಯಲ್ಲಿ ಅಮ್ಮನದು ಅನ್ನುವ ಒಂದು ಮೊಳ ಜಾಗ ಇರಲಿಲ್ಲ. ಒಲೆ ಅತ್ತೆಯದು, ಕೊಟ್ಟಿಗೆ ಅಪ್ಪನದು, ನಡುಮನೆ ಬಂದುಹೋಗುವವರದು. ಅವಳ ಟ್ರಂಕಿನ ಮೇಲೆ ಕೂಡ ನನ್ನ ಶಾಲೆಯ ಪುಸ್ತಕಗಳು ಇರುತ್ತಿದ್ದವು. ಇದ್ದಬದ್ದ ಒಂದು ಮೂಲೆಯನ್ನು ಅವಳು ಕೇಳಿದ್ದು ದುಡಿಯಲಿಕ್ಕಲ್ಲ, ಕೂತು ನೋಡಲಿಕ್ಕೆ. ಅದು ಅತ್ತೆಗೆ ಅರ್ಥವೇ ಆಗದ ಕೋರಿಕೆ. ಏಕೆಂದರೆ ಅತ್ತೆ ತನಗಾಗಿ ಅಂಥದ್ದನ್ನು ಜೀವಮಾನದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಹಬ್ಬ ಹತ್ತಿರ ಬರುತ್ತಿತ್ತು. ಅಮ್ಮ ಮೊಂಡು ಬಿಡಲಿಲ್ಲ. ಪಟಿಕ ಜಾಸ್ತಿ ಹಾಕಿದಳು, ಹಳೆ ಪಂಚೆಯಲ್ಲಿ ನೀರು ಸೋಸಿದಳು, ಮೇಲೆ ತೆಂಗಿನ ಗರಿ ಹೊದಿಸಿದಳು. ಮರಳಿನ ತಪ್ಪು ಅಂತ ಮಾತ್ರ ಒಪ್ಪಲಿಲ್ಲ. ಬೋರಿನ ನೀರು ಸರಿಯಿಲ್ಲ ಅಂದಳು, ಕೋಳಿಗಳು ಸರಿಯಿಲ್ಲ ಅಂದಳು, ಒಂದು ದಿನ ನಾನೂ ಸರಿಯಿಲ್ಲ ಅಂದಳು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಅತ್ತೆಯ ಮೇಲೆ ಅದಕ್ಕಿಂತ ಸಿಟ್ಟು ಬರುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಆ ಇಬ್ಬರ ನಡುವೆ ನೊಗ ಆಗಿದ್ದವಳು ನಾನು. ರಾತ್ರಿ ಅಮ್ಮ ನನ್ನ ಪಕ್ಕ ಮಲಗಿ ಸುಮ್ಮನೆ ಸೂರು ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದು ಬಗೆಹರಿದದ್ದು ಒಂದು ಮಧ್ಯಾಹ್ನ. ಅತ್ತೆ ಒಳಗೆ ಮುದ್ದೆ ಕಟ್ಟುತ್ತಿದ್ದಳು. ಅತ್ತೆ ಮುದ್ದೆ ಕಟ್ಟುವುದನ್ನು ನೋಡುವುದೇ ಒಂದು ಸೊಗಸು. ಅಂಗೈ ತಣ್ಣೀರಿಗೆ ಅದ್ದಿ, ಬಿಸಿ ಹಿಟ್ಟನ್ನು ಮಣೆಯ ಮೇಲೆ ಎರಡು ಸಲ ಉರುಳಿಸಿದರೆ ಸಾಕು, ಒಂದು ಬಿರುಕಿಲ್ಲದ ಮುದ್ದೆ. ಅಮ್ಮ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಹಿತ್ತಲಿಗೆ ಹೊರಟಳು. ನಾನೂ ಹಿಂದೆ ಹೋದೆ. ಕೊಳದೊಳಗೆ ಕೈ ಬಿಟ್ಟು ಒಂದು ಹಿಡಿ ಮರಳು ತೆಗೆದಳು, ಹಿಂಡಿದಳು, ಉಂಡೆ ಮಾಡಿದಳು. ಉಂಡೆಯನ್ನು ಒಂದು ಚೊಂಬು ನೀರಿಗೆ ಇಳಿಬಿಟ್ಟಳು. ತಳ ಮುಟ್ಟುವ ಮೊದಲೇ ಅದು ಕರಗಿ, ನೀರೆಲ್ಲ ಬೆಳ್ಳಗಾಯಿತು. ಆಮೇಲೆ ಹಿತ್ತಲ ಬಾಗಿಲ ಹತ್ತಿರ, ಗೋಡೆ ಮೆತ್ತಲು ಕೆರೆಯಿಂದ ತಂದು ಹಾಕಿದ್ದ ಅಂಟು ಗೋಡುಮಣ್ಣು ಇತ್ತು, ಅದರಲ್ಲಿ ಒಂದು ಹಿಡಿ ತಗೊಂಡು, ನೀರು ಚಿಮುಕಿಸಿ ನಾದಿ, ಮುದ್ದೆ ಕಟ್ಟಿ ಇನ್ನೊಂದು ಚೊಂಬಿಗೆ ಬಿಟ್ಟಳು. ಅದು ತಳದಲ್ಲಿ ಹೋಗಿ ಗುಂಡಗೆ ಕೂತಿತು. ನೀರು ಸ್ವಲ್ಪ ಕೆಂಪಾಯಿತು, ಅಷ್ಟೇ. ಅಮ್ಮ ಆ ಎರಡು ಚೊಂಬನ್ನೂ ಬಹಳ ಹೊತ್ತು ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದಳು. ಆಮೇಲೆ ಎರಡನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ನೇರ ಅಡುಗೆಮನೆಗೆ ನಡೆದಳು.

"ಅಕ್ಕ, ತಪ್ಪು ನಂದೇ. ಮರಳು ಮುದ್ದೆ ಕಟ್ಟಲ್ಲ. ಮುದ್ದೆ ಕಟ್ದೇ ಇರೋದು ತಳದಾಗೆ ಕೂರಲ್ಲ. ಎಲ್ಲಾ ತೆಗ್ದಾಕ್ತೀನಿ."

ಅಪ್ಪ ತಟ್ಟೆಯ ಮುಂದೆ ಕೂತವನು ತಲೆ ಎತ್ತಿ ನೋಡಿದ. 'ತಪ್ಪು ನಂದೇ' ಅನ್ನುವ ಮಾತು ನಮ್ಮ ಮನೆಯ ಗೋಡೆಗಳು ಅವತ್ತಿನವರೆಗೂ ಕೇಳಿರಲಿಲ್ಲ. ಜಗಳಗಳು ಯಾರೋ ಒಬ್ಬರು ಊಟ ಬಡಿಸುವುದರಿಂದ ಮುಗಿಯುತ್ತಿದ್ದವೇ ಹೊರತು ಯಾರೂ ಸೋಲುತ್ತಿರಲಿಲ್ಲ. ಅಮ್ಮ ಸೋತವಳ ಹಾಗೂ ನಿಂತಿರಲಿಲ್ಲ. ಬೆನ್ನು ನೆಟ್ಟಗೆ, ಎರಡು ಕೈಯಲ್ಲೂ ಚೊಂಬು. ನಾನು ಇವತ್ತು ಬಂಗಾರಪೇಟೆ ಸ್ಟೇಷನ್ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಹೊಲಿದದ್ದು ಸರಿಬರದಿದ್ದರೆ ಗಿರಾಕಿ ಒಪ್ಪಿದರೂ ನಾನು ಒಪ್ಪುವುದಿಲ್ಲ, ಅವರ ಕಣ್ಣೆದುರಿಗೇ ಬಿಚ್ಚುತ್ತೇನೆ. ಅಂಗಡಿಯ ಹುಡುಗಿಯರಿಗೆ ಇದು ಅವಮಾನ ಅನ್ನಿಸುತ್ತದೆ. ಅವರು ನಮ್ಮಮ್ಮನನ್ನು ಅವತ್ತು ಅಡುಗೆಮನೆಯ ಬಾಗಿಲಲ್ಲಿ ನೋಡಿರಲಿಲ್ಲ.

ಮರುದಿನವೇ ನೀರು ಖಾಲಿಯಾಯಿತು. ಈ ಸಲ ಯಾವ ಪಾತಿಗೂ ಬಿಡದೆ, ಬೇಲಿಯಾಚೆ ಗರಸಿನ ಗುಂಡಿಗೆ ಚೆಲ್ಲಿದಳು. ಮರಳನ್ನು ಮೊರದಲ್ಲಿ ಬಾಚಿ, ಕೊನೆಗೆ ಕುಂಚ ಹಿಡಿದು ಗುಡಿಸಿ ಚೀಲಕ್ಕೆ ತುಂಬಿದಳು. ಮಾವನನ್ನು ಫೋನ್ ಮಾಡಿ ಕರೆಸಿದಳು. ಅವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಬೇಲಿ ಆಚೆ ಎಸಿ ಅಕ್ಕಾ, ಅಲ್ಲೀಗಂಟ ಯಾಕೆ?"

"ನಾನು ತಂದಿದ್ದು ನಾನೇ ವಾಪಸ್ಸು ಆಕುಸ್ಬೇಕು. ಇಲ್ಲೋರ ಒಲ ಯಾಕೆ ಕೆಡ್ಬೇಕು? ಸೀಕ್ರಂ ಕಿಳಂಬು!"

'ಬೇಗ ಹೊರಡು' ಅನ್ನುವುದು ಅಮ್ಮನ ಬಾಯಲ್ಲಿ ತಮಿಳಲ್ಲಿ ಬಂತೆಂದರೆ ಮುಂದೆ ಮಾತಿಲ್ಲ ಅಂತ ಮಾವನಿಗೆ ಗೊತ್ತು. ಮೊಪೆಡ್ಡು ಹೊಗೆ ಬಿಟ್ಟುಕೊಂಡು ದಿಬ್ಬದ ಕಡೆ ಹೊರಟಿತು.

ಅಪ್ಪ, ಕೇಳದಿದ್ದರೂ, ಡೈರಿಯಿಂದ ಬರುವಾಗ ಆಟೋ ತುಂಬ ಕೆರೆಗೋಡು ತುಂಬಿಸಿಕೊಂಡು ಬಂದ. ಹಾಲಿನ ಗಾಡಿಯಲ್ಲಿ ಮಣ್ಣು ಹೇರಿದ್ದು ಅವನ ಜೀವನದಲ್ಲಿ ಅದೇ ಮೊದಲು. ಒಂದು ಮಾತೂ ಆಡದೆ ಹಿತ್ತಲಲ್ಲಿ ಇಳಿಸಿ, ಕ್ಯಾನು ತೊಳೆಯಲು ಹೋದ. ಅಮ್ಮ ಮಣ್ಣು ನೆನೆಸಿ ಗುಂಡಿಯೊಳಗೆ ಹರವಿ ತುಳಿಯತೊಡಗಿದಳು. ನಾನೂ ಇಳಿದೆ. ತಣ್ಣಗಿನ ಗೋಡುಮಣ್ಣು ಬೆರಳಿನ ಸಂದಿಯಿಂದ ಉಕ್ಕಿ ಬರುವಾಗ ಕಚಗುಳಿಯಾಗಿ ನಗು ತಡೆಯಲಾಗುತ್ತಿರಲಿಲ್ಲ. ಅತ್ತೆ ಕೊಟ್ಟಿಗೆಯ ಗೋಡೆಗೆ ಒರಗಿ, ಎಲೆ ಅಡಿಕೆ ಹಾಕಿಕೊಂಡು, ನೋಡಿಯೂ ನೋಡದವಳ ಹಾಗೆ ನಿಂತಿದ್ದಳು. ಎಷ್ಟು ಹೊತ್ತು ತಾನೇ ತಡೆದಾಳು?

"ಅಂಗಲ್ಲ ಕಣೇ! ಬೆರಳಾಗೆ ಕುಣುದ್ರೆ ಮಣ್ಣು ಬಿಗಿಯಾಗ್ತದಾ? ಕಾಲ್ ಇಮ್ಮಡಿ ಊರು, ಇಮ್ಮಡಿ!"

"ಊರ್ತಿದ್ದೀನಲ್ಲಕ್ಕ."

"ಊರ್ತಿದ್ದಾಳಂತೆ! ನಿಮ್ಮಪ್ಪ ನೆಲದೊಳಗೆ ಅಷ್ಟುದ್ದ ಇಳೀತಿದ್ದ, ನೀನು ಈಟು ಮಣ್ಣಾಗೆ ಇಮ್ಮಡಿ ಇಳ್ಸಾಕೆ ಎದ್ರುತೀಯಲ್ಲೇ! ಸರ್ಕೊ ಅತ್ಲಾಗೆ."

ಎಲೆ ಅಡಿಕೆ ಉಗಿದು, ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಅತ್ತೆ ಗುಂಡಿಗೆ ಇಳಿದೇಬಿಟ್ಟಳು. ಹಿಂದಿನ ಕಾಲದಲ್ಲಿ ಮಣ್ಣಿನ ಗೋಡೆ ಎಬ್ಬಿಸುವಾಗ ಹೆಂಗಸರು ಹೀಗೇ ತುಳಿಯುತ್ತಿದ್ದರಂತೆ, ಒಂದು ಹಿಮ್ಮಡಿಯ ಗುರುತಿನ ಪಕ್ಕಕ್ಕೇ ಇನ್ನೊಂದು, ನಡುವೆ ಸಂದು ಬಿಡದೆ. ಅತ್ತೆಯ ಪಾದ ಅಗಲ, ಅಮ್ಮನದು ಪುಟ್ಟದು. ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಸಿಡುಕಿಕೊಂಡೇ, ಆ ಗುಂಡಿಯ ಸುತ್ತ ಇಬ್ಬರೂ ತುಳಿದರು. ಅತ್ತೆ ಒಮ್ಮೆ ಜಾರಿ ಅಮ್ಮನ ಮೇಲೆ ಬಿದ್ದಳು. ಇಬ್ಬರೂ ಮಣ್ಣಿನಲ್ಲಿ ಕೂತು ನಕ್ಕದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ನನ್ನ ಬಾಲ್ಯದಲ್ಲಿ ನಾನು ಯಾವುದಕ್ಕಾದರೂ ತುಂಬ ಸಂತೋಷಪಟ್ಟಿದ್ದರೆ ಅದು ಆ ನಗುವಿಗೆ.

ಮಣ್ಣು ಬಿಗಿದು, ನೆರಳಲ್ಲಿ ಸ್ವಲ್ಪ ಆರಿದ ಮೇಲೆ ತಳಕ್ಕೆ ಬಾಳೆಲೆ ಹಾಸಿ, ಅದರ ಮೇಲೆ ಗೋಣಿಚೀಲ ಇಟ್ಟು, ಪೈಪಿನ ನೀರನ್ನು ಅದರ ಮೇಲೆ ಬೀಳುವಂತೆ ನಿಧಾನಕ್ಕೆ ಬಿಟ್ಟಳು ಅಮ್ಮ. ತುಂಬಿದ ಮೇಲೆ ಚೀಲವನ್ನೂ ಎಲೆಯನ್ನೂ ಮೆಲ್ಲಗೆ ಹೊರಗೆ ಎಳೆದುಕೊಂಡಳು. ನೀರು ನಿಂತಿತು, ಹೊಗೆ ಏಳಲಿಲ್ಲ. ಆದರೂ ತೆಳು ಕಾಫಿಯ ಬಣ್ಣ. ಲೈನ್ ಮನೆಯಲ್ಲಿ ಕೊಳಾಯಿ ನೀರು ಕೆಂಪಾಗಿ ಬಂದ ದಿನ ಅವಳಮ್ಮ ಒಣಗಿದ ನುಗ್ಗೆ ಬೀಜ ಕುಟ್ಟಿ ಬಿಂದಿಗೆಗೆ ಹಾಕುತ್ತಿದ್ದಳಂತೆ. ನಮ್ಮ ತಲೆಯ ಮೇಲೇ ನುಗ್ಗೆಮರ. ನಾನು ಮರದಲ್ಲೇ ಒಣಗಿದ ಕಾಯಿಗಳನ್ನು ದೋಟಿಯಿಂದ ಕೆಡವಿ ಬೀಜ ಬಿಡಿಸಿಕೊಟ್ಟೆ. ಅಮ್ಮ ಸಿಪ್ಪೆ ತೆಗೆದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಅದರ ಹಾಲನ್ನು ಕೊಳಕ್ಕೆ ಸುರಿದು, ಬಿದಿರು ಕೋಲಲ್ಲಿ ಮೆಲ್ಲಗೆ ತಿರುವಿದಳು.

"ಇನ್ನು ಯಾರೂ ಮುಟ್ಟಂಗಿಲ್ಲ," ಅಂದಳು.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. ಕಂಡದ್ದನ್ನೆಲ್ಲ ಕೆದಕುವ ಜನ ನಾವು. ಹೆಪ್ಪು ಹಾಕಿದ ಹಾಲನ್ನೂ ಆಗಾಗ ಮುಚ್ಚಳ ತೆಗೆದು ನೋಡುವವರು. ಈಗ ಕೊಳದ ಕಾವಲಿಗೆ ನಿಂತವಳು ಯಾರು ಗೊತ್ತೇ? ಅತ್ತೆ. ಕರುವನ್ನು ಕೊಟ್ಟಿಗೆಯ ಆ ತುದಿಗೆ ಕಟ್ಟಿದಳು. ಕೋಳಿಗಳನ್ನು ಹಗಲೂ ಪಂಜರಕ್ಕೆ ತಳ್ಳಿದಳು. ನಾರಾಯಣಮ್ಮ ಗೋಡೆಯ ಮೇಲಿಂದ ಬಗ್ಗಿದರೆ, 'ನೀ ಬಗ್ಗುದ್ರೆ ನಿನ್ ಉಸ್ರಿಗೇ ಕದಡ್ತದೆ, ಅತ್ಲಾಗೋಗು' ಅಂತ ಗದರಿದಳು. ಮುಚ್ಚಿಸುತ್ತೇನೆ ಅಂದಿದ್ದವಳು ನೀನೇ ಅಲ್ಲವಾ ಅಂತ ನಾನು ಕೇಳಿದ್ದಕ್ಕೆ ಅವಳ ಉತ್ತರ ಇಷ್ಟೇ:

"ಪಂದ್ಯ ಪಂದ್ಯಾನೇ ಅಮ್ಮಣ್ಣಿ. ಸೋತ್ರೆ ಅವ್ಳೇ ಸೋಲ್ಬೇಕು. ಕೋಳಿ ಕೈಲಿ ಸೋತ್ಲು ಅನ್ನಿಸ್ಬಾರ್ದು."

ಗೌರಿ ಹಬ್ಬದ ಬೆಳಿಗ್ಗೆ ಅಮ್ಮ ಹಿತ್ತಲ ಕಡೆ ಹೋಗಲೇ ಇಲ್ಲ. ತಲೆಗೆ ನೀರು ಹಾಕಿಕೊಂಡು, ಮುಂದಿನ ಅಂಗಳದಲ್ಲಿ ಯಾವತ್ತೂ ಇಲ್ಲದಷ್ಟು ದೊಡ್ಡ ರಂಗೋಲಿ ಬಿಡುತ್ತ ಕೂತಳು. ಅದು ಮುಗಿಯುವ ಹಾಗೆ ಕಾಣಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡು ಹಿತ್ತಲಿಗೆ ಹೋದಳು. ನುಗ್ಗೆಯ ಎಲೆಗಳ ನಡುವಿನಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ನಾವು ಬಗ್ಗಿದೆವು. ನೀರು ಇದೆಯೋ ಇಲ್ಲವೋ ಅನ್ನಿಸುವಂತಿತ್ತು. ತಳದಲ್ಲಿ, ತೆಳ್ಳಗೆ ಕೂತ ಮಡ್ಡಿಯ ಕೆಳಗೆ, ಹಿಮ್ಮಡಿಯ ಗುರುತುಗಳು ಸಾಲಾಗಿ ಕಂಡವು. ಅಗಲವಾದದ್ದರ ಪಕ್ಕ ಪುಟ್ಟದು, ಪುಟ್ಟದರ ಪಕ್ಕ ಅಗಲವಾದದ್ದು. ಅತ್ತೆ ಬಹಳ ಹೊತ್ತು ನೋಡಿದಳು. ನೋಡುವುದಕ್ಕೆ ಅಂತ ಅವಳು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ಅಲ್ಲಿಂದಲೇ ಕೂಗಿದಳು:

"ಸರೋಜಾ! ಗಂಗೆ ಪೂಜೆ ಈ ಸಲ ಕೊಳಾಯೀಗಲ್ಲ. ಕಳಸ ಇತ್ತ ತಗಂಬಾ!"

ಗೌರಿಗೆ ಮೊದಲು ಗಂಗೆಯನ್ನು ಪೂಜಿಸಿ ನೀರು ತರುವುದು ನಮ್ಮ ಕಡೆಯ ಪದ್ಧತಿ. ಊರಿನ ಸೇದುವ ಬಾವಿ ಬತ್ತಿದ ಮೇಲೆ ಹೆಂಗಸರೆಲ್ಲ ಬೋರಿನ ಕೊಳಾಯಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ, ಅದಕ್ಕೇ ಕೈ ಮುಗಿಯುತ್ತಿದ್ದರು. ಅತ್ತೆಯ ಕೂಗು ಎಷ್ಟು ದೊಡ್ಡದಿತ್ತೆಂದರೆ ಅಮ್ಮನ ಹಿಂದೆಯೇ ಅರ್ಧ ಬೀದಿಯ ಹೆಂಗಸರು ಕಳಸ ಹಿಡಿದು ನಮ್ಮ ಹಿತ್ತಲಿಗೆ ಬಂದರು. ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು, ಬೆರಣಿಗಳನ್ನು ದಾಟಿಕೊಂಡು ಬಂದರು. ಕೊಳದ ಅಂಚಿಗೆ ಅರಿಶಿನ ಹಚ್ಚಿದರು. ಒಬ್ಬೊಬ್ಬರೂ ಬಗ್ಗಿ ತಳ ನೋಡಿದರು. ಮಜ್ಜಿಗೆ ಅಂತ ನಕ್ಕವರೇ ಆರತಿ ಎತ್ತಿದರು. ನನಗೆ ಎಲ್ಲರಿಗೂ ಕೇಳುವಂತೆ 'ಇದು ನಮ್ಮಮ್ಮ ತೋಡಿದ್ದು' ಅಂತ ಕಿರುಚಬೇಕು ಅನ್ನಿಸಿತು. ಕಿರುಚಿದೆನೋ ಏನೋ, ಪಕ್ಕದವರು ನಕ್ಕರು.

ಪೂಜೆ ಮುಗಿದ ಮೇಲೆ ನಾರಾಯಣಮ್ಮ ಕೇಳಿದಳು:

"ಅಲ್ಲಾ, ಮೊದ್ಲು ಅಂಗಿತ್ತು, ಈಗ ಇಂಗೆಂಗಾಯ್ತು?"

ಅತ್ತೆ ಅಮ್ಮನಿಗೆ ಬಾಯಿ ತೆರೆಯಲು ಬಿಡಲಿಲ್ಲ. ಮನೆಯ ಮಾನದ ಪ್ರಶ್ನೆ ಬಂದಾಗ ಅವಳು ಯಾವತ್ತೂ ಮುಂದೆ.

"ಅದಾ? ಆ ಮರಳು ತಂದವ್ನು ಅವ್ಳ ತಮ್ಮ, ಅವ್ನಿಗೇನು ತಿಳೀತದೆ? ನಮ್ ಸರೋಜಾ ಮೊದ್ಲಿಂದ್ಲೂ ಕೆರೆಗೋಡೇ ಆಗ್ಬೇಕು ಅಂತಿದ್ಲು."

ಆ ಸುಳ್ಳನ್ನು ಕೇಳಿ ನಾನು ಬಾಯಿ ತೆರೆದುಕೊಂಡು ನಿಂತೆ. ಅತ್ತೆ ಅಮ್ಮನಿಗಾಗಿ ಹೇಳಿದ ಮೊದಲ ಸುಳ್ಳು ಅದು. ಅದರ ಬೆಲೆ ಎಷ್ಟು ಅಂತ ಅಮ್ಮನಿಗೆ ಗೊತ್ತಿತ್ತು. ಅವಳು ಅತ್ತೆಯ ಕೈಯನ್ನು ಹಿಡಿದುಕೊಂಡಳು. ಹಿಡಿದುಕೊಂಡೇ, ಎಲ್ಲರ ಮುಂದೆ ಹೇಳಿದಳು:

"ಇಲ್ಲ ನಾರಾಯಣಮ್ಮ. ದಿಬ್ಬದ ಮರಳು ತರ್ಸಿ ಕೆಡ್ಸಿದ್ದೂ ನಾನೇ, ತೆಗ್ಸಿ ಸರಿ ಮಾಡಿದ್ದೂ ನಾನೇ. ಎರಡೂ ನಾನೇ."